ಬ್ಯಾಟಿನ ಶಾಫ್ಟ್ ಗಾಳಿ ಸೀಳಬೇಕೇ? ಉಜ್ಜುವ ಮುಂಚೆ ಅಳೆಯಿರಿ

ಸಂಜೆ ಏಳು ದಾಟಿದರೆ ಉಡುಪಿಯ ನಮ್ಮ ಮನೆಯ ಜಗಲಿ ಗಟ್ಟಿಂಗ್ ಅಂಗಡಿ. ಹಗಲು ಲೇತ್ ಮುಂದೆ ನಿಲ್ಲುವ ನಾನು ರಾತ್ರಿ ಹತ್ತರವರೆಗೆ ಶಟಲ್ ಬ್ಯಾಟುಗಳಿಗೆ ಗಟ್ಸ್, ಅಂದರೆ ಬಲೆಯ ತಂತಿ, ಎಳೆಯುತ್ತೇನೆ. ಹೋದ ಮಳೆಗಾಲ ಕಾಲೇಜು ಹುಡುಗನೊಬ್ಬ ಬ್ಯಾಟು ತಂದು ಮೇಜಿನ ಮೇಲಿಟ್ಟ. ನೋಡಿದರೆ ಶಾಫ್ಟಿನ, ಅಂದರೆ ಹಿಡಿಕೆಗೂ ತಲೆಗೂ ನಡುವಿನ ಕೋಲಿನ, ಉದ್ದಕ್ಕೂ ಸಾಲಾಗಿ ಸಣ್ಣ ಸಣ್ಣ ಗುಳಿಗಳು. ಡ್ರಿಲ್ ಬಿಟ್ಟಿನ ತುದಿಯಿಂದ ಕೊರೆದದ್ದು. "ಗಾಲ್ಫ್ ಚೆಂಡಿಗೆ ಉಂಟಲ್ಲ ಸರ್, ಹಾಗೆ. ಗಾಳಿ ತಡೆ ಕಡಿಮೆ ಆಗ್ತದೆ ಅಂತ." ನಾನು ಬೈಯಲಿಲ್ಲ. ಬೈಯುವ ಯೋಗ್ಯತೆಯೂ ನನಗಿಲ್ಲ. ಅವನ ಪ್ರಾಯದಲ್ಲಿ ಅದೇ ಜಾತಿಯ ಕೆಲಸ ಮಾಡಿ ಒಂದು ಒಳ್ಳೆಯ ಬ್ಯಾಟು ಕಳಕೊಂಡವ ನಾನು. ಅದು ಮುಂದೆ ಬರುತ್ತದೆ.

ಅವನಿಗೆ ಅಂದು ಹೇಳಿದ್ದನ್ನೇ ಸ್ವಲ್ಪ ಕ್ರಮಕ್ಕೆ ತಂದು ಇಲ್ಲಿ ಬರೆಯುತ್ತಿದ್ದೇನೆ. ಶಟಲ್ ಬ್ಯಾಟು, ಗಾಲ್ಫ್ ಕ್ಲಬ್, ಜಾವೆಲಿನ್ ಮೂರಕ್ಕೂ ಅನ್ವಯಿಸುತ್ತದೆ, ಆದರೆ ಮೂರಕ್ಕೂ ಮದ್ದು ಬೇರೆ ಬೇರೆ. ಬೇಕಾದ ಸಾಮಾನು ಹೆಚ್ಚೇನಿಲ್ಲ: ದಪ್ಪ ಅಳೆಯುವ ಒಂದು ವರ್ನಿಯರ್ ಕ್ಯಾಲಿಪರ್, ಅಳತೆ ಪಟ್ಟಿ, ಹಳೆಯ ನೋಟ್‌ಬುಕ್, ಸ್ಲೋ ಮೋಷನ್ ವಿಡಿಯೊ ತೆಗೆಯುವ ಮೊಬೈಲು. ಮರಳು ಕಾಗದ ಮಾತ್ರ ಕಪಾಟಿನಲ್ಲೇ ಇರಲಿ.

ಮೊದಲು ಗಾಳಿ ಎಲ್ಲಿ ಹಿಡಿಯುತ್ತದೆ ನೋಡಿ

ಆಷಾಢದಲ್ಲಿ ತುಂಬಿ ಹರಿಯುವ ತೋಡಿನ ನಡುವೆ ಒಂದು ಗೂಟ ನೆಟ್ಟಿದ್ದರೆ ಗಮನಿಸಿ. ನೀರು ಗೂಟದ ಮುಂದೆ ಉಬ್ಬುತ್ತದೆ, ಹಿಂದೆ ಸುಳಿ ಸುಳಿಯಾಗಿ ಒಂದು ಹೊಂಡವೇ ಬೀಳುತ್ತದೆ. ಗೂಟವನ್ನು ಎಳೆಯುವುದು ಆ ಹಿಂದಿನ ಹೊಂಡ. ಮೈಗೆ ಉಜ್ಜಿಕೊಂಡು ಹೋಗುವ ನೀರಿನ ಪಾಲು ಅದರೊಳಗೆ ಕೆಲವೇ ಶೇಕಡಾ. ಗಾಳಿಯಲ್ಲಿ ಅಡ್ಡಕ್ಕೆ ಬೀಸಿದ ದುಂಡು ಶಾಫ್ಟಿಗೂ ಇದೇ ಗತಿ. ಹಾಗಾಗಿ ಶಾಫ್ಟಿಗೆ ಕಾರ್ ವ್ಯಾಕ್ಸ್ ಹಚ್ಚಿ ಫಳಫಳ ಮಾಡಿದರೆ ಗಾಳಿ ಜಾರುತ್ತದೆ ಎಂಬ ನಂಬಿಕೆ ಬಿಟ್ಟುಬಿಡಿ. ವ್ಯಾಕ್ಸ್‌ನಿಂದ ಕೊಳೆ ಅಂಟುವುದಿಲ್ಲ, ಅಷ್ಟೇ ಲಾಭ.

ತಡೆಯನ್ನು ನಿರ್ಧರಿಸುವುದು ನಾಲ್ಕು ಸಂಗತಿ: ಗಾಳಿಯ ಸಾಂದ್ರತೆ, ವೇಗದ ವರ್ಗ (ವೇಗವನ್ನು ವೇಗದಿಂದಲೇ ಗುಣಿಸಿದ್ದು), ಗಾಳಿಗೆ ಎದುರಾಗುವ ದಪ್ಪ, ಆಕಾರ. ದುಂಡು ಕೋಲಿನ ಆಕಾರಕ್ಕೆ ಲೆಕ್ಕದಲ್ಲಿ ಸುಮಾರು 1.1 ಅಂಕ. ವಿಮಾನದ ರೆಕ್ಕೆಯ ಹಾಗೆ ಬಾಲ ಎಳೆದ ಆಕಾರಕ್ಕೆ ಅದರ ಹತ್ತನೆಯ ಒಂದು ಪಾಲು. ತೆಳ್ಳಗಿನ ಒಂದು ತಂತಿ ಅದರ ಹತ್ತು ಪಟ್ಟು ದಪ್ಪದ ರೆಕ್ಕೆಯಾಕಾರದಷ್ಟೇ ಗಾಳಿ ಹಿಡಿಯುತ್ತದೆ ಎಂದರೆ ದುಂಡು ಎಷ್ಟು ಕೆಟ್ಟ ಆಕಾರ ಎಂದು ಗೊತ್ತಾಗುತ್ತದೆ.

ಗಾಳಿಯ ಸಾಂದ್ರತೆ ನಮ್ಮ ಕೈಯಲ್ಲಿಲ್ಲ. ಆದರೂ ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. "ಮಳೆಗಾಲದ ಗಾಳಿ ಭಾರ ಮಾರ್ರೆ, ಬ್ಯಾಟು ಓಡುದಿಲ್ಲ" ಅನ್ನುವವರು ಕರಾವಳಿಯಲ್ಲಿ ತುಂಬ ಮಂದಿ. ನಿಜ ತಿರುಗಾಮುರುಗಾ. ನೀರಾವಿಯ ಕಣ ಗಾಳಿಯ ಕಣಕ್ಕಿಂತ ಹಗುರ. 30 ಡಿಗ್ರಿಯಲ್ಲಿ ಪೂರ್ತಿ ತೇವ ಹೀರಿದ ಗಾಳಿ ಒಣ ಗಾಳಿಗಿಂತ ಶೇಕಡಾ ಒಂದೂವರೆಯಷ್ಟು ಹಗುರವೇ ಆಗಿರುತ್ತದೆ. ಬ್ಯಾಟು ಭಾರ ಅನ್ನಿಸುವುದು ಬೆವರು ಕುಡಿದ ಗ್ರಿಪ್ಪಿನಿಂದ. ಸಮುದ್ರ ಮಟ್ಟಕ್ಕೂ ಘಟ್ಟದ ಮೇಲಕ್ಕೂ ಇರುವ ವ್ಯತ್ಯಾಸ ಮಾತ್ರ ದೊಡ್ಡದು. ಬೆಂಗಳೂರಿನಲ್ಲಿ ಗಾಳಿ ನಮ್ಮಲ್ಲಿಗಿಂತ ಶೇಕಡಾ ಹತ್ತರ ಹತ್ತಿರ ತೆಳು. ಅಲ್ಲಿ ಆಡುವವರು ಗರಿ ಶಟಲ್ ಕೊಳ್ಳುವಾಗ ವೇಗದ ನಂಬರ್ ಒಂದು ಕಡಿಮೆಯದ್ದನ್ನು ಹುಡುಕುವುದು ಅದಕ್ಕೇ.

ಹೆಜ್ಜೆ ಒಂದು: ಶಾಫ್ಟಿನ ಪಾಲೆಷ್ಟು ಎಂದು ಲೆಕ್ಕ ಹಾಕಿ

ಎಲ್ಲರೂ ಹಾರಿಹೋಗುವ ಹೆಜ್ಜೆ ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಬ್ಯಾಟನ್ನು ಹಿಡಿಕೆಯ ಬುಡದಿಂದ ತುದಿಯವರೆಗೆ 5 ಸೆಂ.ಮೀ.ಗೊಂದು ಗುರುತಿನಂತೆ ಪೆನ್ಸಿಲ್‌ನಲ್ಲಿ ಗೀಟು ಹಾಕಿ. ಪ್ರತಿ ಗೀಟಿನಲ್ಲೂ ಎದುರಿನಿಂದ ಕಾಣುವ ದಪ್ಪ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಈಗ ಪ್ರತಿ ದಪ್ಪವನ್ನೂ ಹಿಡಿಕೆಯಿಂದ ಅದಕ್ಕಿರುವ ದೂರದ ಘನದಿಂದ ಗುಣಿಸಿ. ಘನ ಯಾಕೆಂದರೆ, ದೂರ ಎರಡು ಪಟ್ಟಾದರೆ ವೇಗ ಎರಡು ಪಟ್ಟು, ತಡೆ ನಾಲ್ಕು ಪಟ್ಟು. ಆ ತಡೆಯನ್ನು ಮಣಿಕಟ್ಟು ಹೊರುವುದು ಎರಡು ಪಟ್ಟು ಉದ್ದದ ಸನ್ನೆಯ ತುದಿಯಿಂದ. ಒಟ್ಟು ಎಂಟು ಪಟ್ಟು.

ಇದರಿಂದ ಒಂದು ಚೆಂದದ ಫಲ ಸಿಗುತ್ತದೆ. ಎಲ್ಲ ಕಡೆ ಒಂದೇ ದಪ್ಪದ ಕೋಲನ್ನು ಒಂದು ತುದಿ ಹಿಡಿದು ಬೀಸಿದರೆ, ಕೈಗೆ ಬರುವ ಗಾಳಿಯ ಹೊರೆಯಲ್ಲಿ 81ರಲ್ಲಿ 65 ಪಾಲು, ಅಂದರೆ ಶೇಕಡಾ 80, ಹೊರಗಿನ ಮೂರನೇ ಒಂದು ಭಾಗದ್ದು. ಒಳಗಿನ ಮೂರನೇ ಒಂದು ಭಾಗದ್ದು ಬರೀ ಒಂದು ಪಾಲು.

ನಂಬಿಕೆ ಬಾರದಿದ್ದರೆ ಹೀಗೆ ಮಾಡಿ. 8 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಸರಳನ್ನು ಬ್ಯಾಟಿನಷ್ಟೇ ಉದ್ದಕ್ಕೆ, 67 ಸೆಂ.ಮೀ.ಗೆ ಕತ್ತರಿಸಿಕೊಳ್ಳಿ. ತೂಗಿದರೆ ಸುಮಾರು 90 ಗ್ರಾಂ, ಬ್ಯಾಟಿನದ್ದೇ ತೂಕ. ಒಂದು ಹಾಳೆ ಪೇಪರನ್ನು 3 ಸೆಂ.ಮೀ. ಅಗಲದ, ಒಂದು ಗೇಣು ಉದ್ದದ ಕೊಳವೆಯಾಗಿ ಸುತ್ತಿ ಸರಳಿನ ಬುಡದ ಹತ್ತಿರ ಟೇಪ್‌ನಿಂದ ಕೂರಿಸಿ ಬೀಸಿ. ಏನೂ ಗೊತ್ತಾಗುವುದಿಲ್ಲ. ಅದೇ ಕೊಳವೆಯನ್ನು ತುದಿಗೆ ಸರಿಸಿ ಬೀಸಿ. ತುದಿಯನ್ನು ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಆಗುತ್ತದೆ. ನನ್ನ ಜಗಲಿಯಲ್ಲಿ ಈ ಸರಳು ಮೊಳೆಗೆ ತೂಗಿಕೊಂಡೇ ಇದೆ. ಬಂದವರಿಗೆಲ್ಲ ಮೊದಲು ಅದನ್ನೇ ಕೊಡುವುದು.

ಇನ್ನು ಶಟಲ್ ಬ್ಯಾಟಿನ ಲೆಕ್ಕ. ನನ್ನದೇ ಬ್ಯಾಟು ಅಳೆದದ್ದು. ಶಾಫ್ಟ್ 7 ಮಿ.ಮೀ. ದಪ್ಪ, ಕಾಣುವ ಉದ್ದ 20 ಸೆಂ.ಮೀ. ಚಿಲ್ಲರೆ: ಗಾಳಿಗೆ ಎದುರಾಗುವುದು ಸುಮಾರು 15 ಚದರ ಸೆಂ.ಮೀ. ತಲೆಯ ಫ್ರೇಮ್ ಸುತ್ತಳತೆ 70 ಸೆಂ.ಮೀ., ಎದುರಿನಿಂದ ಅಗಲ 7 ಮಿ.ಮೀ.: 49 ಚದರ ಸೆಂ.ಮೀ. ಗಟ್ಸ್ ಒಳಗೆ ಕೂರುವುದು ಸುಮಾರು 8 ಮೀಟರ್, ದಪ್ಪ 0.68 ಮಿ.ಮೀ.: 54 ಚದರ ಸೆಂ.ಮೀ. ಮೇಲಾಗಿ ತಲೆ ಇರುವುದು ದೂರದಲ್ಲಿ. ದೂರದ ಘನ ಹಾಕಿ ಕೂಡಿಸಿದರೆ, ಮಣಿಕಟ್ಟಿನಿಂದ ಬೀಸುವಾಗ ಶಾಫ್ಟಿನ ಪಾಲು ನೂರರಲ್ಲಿ ಮೂರು. ಹೌದು, ಮೂರು! ತೋಳು ಪೂರ್ತಿ ಬೀಸಿದರೂ ಏಳೆಂಟರ ಆಚೆ ಹೋಗುವುದಿಲ್ಲ. ಹುಡುಗ ಗುಳಿ ಕೊರೆದದ್ದು ನೂರು ರೂಪಾಯಿ ಖರ್ಚಿನ ಈ ಮೂರು ರೂಪಾಯಿಯಲ್ಲಿ ಉಳಿತಾಯ ಮಾಡಲು.

ಗಾಲ್ಫ್ ಕ್ಲಬ್ಬಿನ ಕಥೆ ಬೇರೆಯೇ. ಶಾಫ್ಟ್ ಒಂದು ಮೀಟರಿಗೂ ಉದ್ದ. ಬುಡದಲ್ಲಿ 15 ಮಿ.ಮೀ. ಆಸುಪಾಸು ಇದ್ದದ್ದು ತುದಿಯಲ್ಲಿ ಡ್ರೈವರ್‌ಗೆ (ಅತಿ ದೂರ ಹೊಡೆಯುವ ಕ್ಲಬ್) 8.5 ಮಿ.ಮೀ., ಹೆಚ್ಚಿನ ಐರನ್‌ಗಳಿಗೆ (ತೆಳು ಲೋಹದ ತಲೆಯ ಕ್ಲಬ್) 9.4 ಮಿ.ಮೀ.ಗೆ ಇಳಿಯುತ್ತದೆ. ಡ್ರೈವರ್‌ನ ತಲೆ ನೋಡಲು ದೊಡ್ಡದಾದರೂ ನುಣುಪಾಗಿ ದುಂಡಗಿರುವುದರಿಂದ ತನ್ನ ಗಾತ್ರಕ್ಕೆ ತಕ್ಕಷ್ಟು ಗಾಳಿ ಹಿಡಿಯುವುದಿಲ್ಲ. ಶಾಫ್ಟ್ ಮಾತ್ರ ಉದ್ದಕ್ಕೂ ಅದೇ ಕೆಟ್ಟ ದುಂಡು ಕೋಲು. ನನ್ನ ಒರಟು ಲೆಕ್ಕದಲ್ಲಿ ಹೊರೆಯ ಅರ್ಧ ಪಾಲು ಶಾಫ್ಟಿನದ್ದೇ. ಮಂಗಳೂರಿನ ಪಿಲಿಕುಳದಲ್ಲಿ ಗಾಲ್ಫ್ ಆಡುವ ನನ್ನ ಪರಿಚಯದವರೊಬ್ಬರಿಗೆ ಇದನ್ನು ಹೇಳಿದಾಗ ನಕ್ಕಿದ್ದರು. ಅಳತೆ ಹಿಡಿದು ಕೂಡಿಸಿ ತೋರಿಸಿದ ಮೇಲೆ ಹೊಸ ಡ್ರೈವರ್‌ನ ಆಸೆ ಆ ವರ್ಷಕ್ಕೆ ಬಿಟ್ಟರು.

ಹೆಜ್ಜೆ ಎರಡು: ಮಾಡಬಾರದ್ದನ್ನು ಮೊದಲೇ ಬಿಡಿ

ಗುಳಿ ಕೊರೆಯುವುದು. ಗಾಲ್ಫ್ ಚೆಂಡಿಗೆ ಗುಳಿ ಕೆಲಸ ಮಾಡುವುದು ನಿಜ. ಮೈಗಂಟಿದ ಗಾಳಿಯ ಪದರವನ್ನು ಗುಳಿ ಕಲಕುತ್ತದೆ. ಕಲಕಿದ ಪದರ ಚೆಂಡಿನ ಹಿಂಬದಿಯವರೆಗೂ ಅಂಟಿಕೊಂಡು ಹೋಗುತ್ತದೆ, ಹಿಂದಿನ ಹೊಂಡ ಕಿರಿದಾಗುತ್ತದೆ. ಆದರೆ ಇದಕ್ಕೆ ದಪ್ಪವೂ ವೇಗವೂ ಸೇರಿ ಒಂದು ಮಟ್ಟ ಮುಟ್ಟಬೇಕು. ಎಂಜಿನಿಯರಿಂಗ್ ಹುಡುಗರು ರೆನಾಲ್ಡ್ಸ್ ಸಂಖ್ಯೆ ಎನ್ನುವುದು ಇದಕ್ಕೇ. ನಮಗೆ ಸರಳ ಗುಣಾಕಾರ ಸಾಕು: ದಪ್ಪ ಮಿ.ಮೀ.ಯಲ್ಲಿ, ವೇಗ ಸೆಕೆಂಡಿಗೆ ಎಷ್ಟು ಮೀಟರ್ ಎಂಬುದರಲ್ಲಿ. ಗಾಲ್ಫ್ ಚೆಂಡು 42.67 ಮಿ.ಮೀ., ಒಳ್ಳೆಯ ಹೊಡೆತಕ್ಕೆ ವೇಗ 65: ಗುಣಿಸಿದರೆ 2,700 ದಾಟುತ್ತದೆ. ಬ್ಯಾಟಿನ ಶಾಫ್ಟ್ 7 ಮಿ.ಮೀ., ವೇಗ 30: ಬರೀ 210. ಗುಳಿಗೆ ಕೆಲಸ ಸಿಗಬೇಕಾದರೆ ಕಡಿಮೆಯೆಂದರೂ 600 ದಾಟಬೇಕು. ಅಂದರೆ ಶಾಫ್ಟನ್ನು ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ಬೀಸಬೇಕು. ಅಷ್ಟು ವೇಗ ಇದ್ದವನಿಗೆ ಗುಳಿ ಯಾಕೆ?

ದಾರ ಸುತ್ತುವುದು. ಕಾರ್ಖಾನೆಯ ಕಬ್ಬಿಣದ ಚಿಮಣಿಗಳ ಮೇಲ್ಭಾಗಕ್ಕೆ ಸುರುಳಿಯಾಗಿ ಪಟ್ಟಿ ಸುತ್ತಿದ್ದನ್ನು ನೋಡಿ ಬಂದ ಯೋಚನೆ ಇದು. ಆ ಸುರುಳಿ ಇರುವುದು ಚಿಮಣಿ ಗಾಳಿಗೆ ತೊನೆಯದಿರಲಿ ಎಂದು. ಗಾಳಿತಡೆ ಅದರಿಂದ ಏರುತ್ತದೆ.

ಬಾಲ ಕಟ್ಟುವುದು. ದುಂಡು ಶಾಫ್ಟಿನ ಹಿಂದೆ ಥರ್ಮೊಕೋಲೋ ತ್ರೀಡಿ ಪ್ರಿಂಟ್ ಮಾಡಿದ ಬಾಲವೋ ಅಂಟಿಸಿ ರೆಕ್ಕೆಯಾಕಾರ ಮಾಡಿದರೆ? ಸೈಕಲ್ಲಿಗೆ ಇದು ಸರಿ. ಅದರ ಕೊಳವೆಗೆ ಗಾಳಿ ಬರುವುದು ಹೆಚ್ಚಾಗಿ ಮುಂದಿನಿಂದ. ಬ್ಯಾಟಾಗಲಿ ಗಾಲ್ಫ್ ಕ್ಲಬ್ಬಾಗಲಿ ಬೀಸುವಾಗ ತನ್ನ ಅಕ್ಷದ ಸುತ್ತ ತಿರುಗುತ್ತದೆ. ಹೊಡೆತದ ಹೊತ್ತಿಗೆ ಬಾಲ ನೆಟ್ಟಗಿದ್ದರೆ ಅದಕ್ಕೆ ಮೊದಲು ಅಡ್ಡಕ್ಕಿರುತ್ತದೆ, ಅಡ್ಡ ನಿಂತ ಬಾಲ ಅಗಲವಾದ ಹಲಗೆ. ನಿಯಮವೂ ಬಿಡುವುದಿಲ್ಲ. ಬ್ಯಾಡ್ಮಿಂಟನ್ ನಿಯಮದ ಪ್ರಕಾರ ಬ್ಯಾಟಿಗೆ ಅಂಟಿಸಿದ ವಸ್ತು ಸವೆತ ಅಥವಾ ಕಂಪನ ತಡೆಯಲು, ತೂಕ ಹಂಚಲು, ಇಲ್ಲವೇ ಹಿಡಿಕೆಯನ್ನು ದಾರದಿಂದ ಕೈಗೆ ಕಟ್ಟಿಕೊಳ್ಳಲು ಮಾತ್ರ ಇರಬಹುದು. ಗಾಲ್ಫ್‌ನಲ್ಲಿ ಶಾಫ್ಟನ್ನು ಹೇಗೆ ತಿರುಗಿಸಿ ಬಗ್ಗಿಸಿದರೂ ಒಂದೇ ಸಮ ಬಗ್ಗಬೇಕು. ಮೊಟ್ಟೆಯಾಕಾರದ ಶಾಫ್ಟ್ ಒಂದು ಕಡೆಗೆ ಗಟ್ಟಿ, ಇನ್ನೊಂದು ಕಡೆಗೆ ಮೆದು, ಆದ್ದರಿಂದ ಅಲ್ಲೇ ಹೊರಬೀಳುತ್ತದೆ.

ಕೊನೆಯದು ನನ್ನ ಪಾಪ: ಉಜ್ಜಿ ತೆಳು ಮಾಡುವುದು. ಲೇತ್ ಕೈಗೆ ಹೊಸದಾಗಿ ಕುದುರಿದ ಕಾಲ. ಕಾರ್ಬನ್ ಶಾಫ್ಟಿನ ಬಣ್ಣ ತೆಗೆದು, 400ರ ಮರಳು ಕಾಗದಕ್ಕೆ ನೀರು ಮುಟ್ಟಿಸಿ, ಎರಡು ರಾತ್ರಿ ಕೂತು 7.0 ಇದ್ದದ್ದನ್ನು 6.8ಕ್ಕೆ ಇಳಿಸಿದೆ. ಉಗುರ ಸಂದಿಯಲ್ಲಿ ಕಪ್ಪು ಹುಡಿ, ಮೊಣಕೈವರೆಗೆ ತುರಿಕೆ. ಮೂರನೇ ದಿನ ಡಬಲ್ಸ್ ಆಡುವಾಗ ಎರಡನೇ ಗೇಮಿನ ನಡುವೆ ಒಂದು ಕ್ಲಿಯರ್, ಎದುರಿನವರ ಹಿಂಬದಿಗೆ ಎತ್ತರದ ಹೊಡೆತ, ಎತ್ತಿದೆ. ಟಪ್ ಎಂದು ಒಣ ಕಡ್ಡಿ ಮುರಿದ ಸದ್ದು. ಬ್ಯಾಟಿನ ತಲೆ ನೆಟ್ ದಾಟಿ ಎದುರಾಳಿಯ ಕಾಲ ಬಳಿ ಬಿತ್ತು, ಶಟಲ್ ನಮ್ಮ ಬದಿಯಲ್ಲೇ ಉಳಿಯಿತು. ಅವರು ತಲೆ ಹೆಕ್ಕಿ "ಇದು ಇನ್ನೋ ಔಟೋ?" ಎಂದು ಕೇಳಿದರು.

ಆಮೇಲೆ ಲೆಕ್ಕ ಹಾಕಿದೆ. ಅದನ್ನು ಮೊದಲೇ ಮಾಡಬೇಕಿತ್ತು. 0.2 ಮಿ.ಮೀ. ತೆಗೆದದ್ದರಿಂದ ಶಾಫ್ಟಿನ ಗಾಳಿತಡೆ ಶೇಕಡಾ 3 ಇಳಿಯಿತು. ಶಾಫ್ಟಿನ ಪಾಲೇ ಶೇಕಡಾ 3. ಒಟ್ಟು ಲಾಭ ಹತ್ತು ಸಾವಿರದಲ್ಲಿ ಒಂಬತ್ತು. ಬಗ್ಗುವಿಕೆಯನ್ನು ತಡೆಯುವ ಗಟ್ಟಿತನ ಇರುವುದು ದಪ್ಪದ ನಾಲ್ಕನೇ ಘಾತದ ಮೇಲೆ. ಅದರಲ್ಲಿ ಕಡಿಮೆಯೆಂದರೂ ಹನ್ನೊಂದು ಶೇಕಡಾ ಹೋಯಿತು, ಅದರ ಜೊತೆಗೆ ಹೊರಪದರದ ಎಳೆಗಳೂ ಕತ್ತರಿಸಿ ಹೋದವು. ಕಾರ್ಬನ್ ಶಾಫ್ಟಿನಲ್ಲಿ ಹೊರಗಿನ ಎಳೆಯೇ ಹೆಚ್ಚು ಭಾರ ಹೊರುವುದು. ಹುಡುಗನ ಗುಳಿ ಬಿದ್ದ ಶಾಫ್ಟಿಗೆ ನಾನು ಗಟ್ಸ್ ಹಾಕಿ ಕೊಡಲಿಲ್ಲ. ಹಾಕುವಾಗಲೇ ಮುರಿದರೆ ಅದೃಷ್ಟ, ಆಡುವಾಗ ಮುರಿದರೆ ಇನ್ನೊಬ್ಬರ ಕಣ್ಣು.

ಹೆಜ್ಜೆ ಮೂರು: ಬ್ಯಾಟಿನಲ್ಲಿ ನಿಜವಾಗಿ ಏನು ಮಾಡಬಹುದು

ಶಾಫ್ಟನ್ನು ಸ್ವಚ್ಛ ಮಾಡಿ, ಅಷ್ಟಕ್ಕೇ ಬಿಡಿ. ಅಂಗಡಿಯ ಬೆಲೆಯ ಚೀಟಿ, ಟೂರ್ನಮೆಂಟಿನ ಸ್ಟಿಕ್ಕರ್, ಹೆಸರು ಬರೆದ ಸೆಲ್ಲೊಟೇಪ್ ತೆಗೆಯಿರಿ. ಉಳಿದ ಅಂಟಿಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿ. ಆಮೇಲೆ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ. ಥಿನ್ನರ್ ಬೇಡ, ಬಣ್ಣ ಎದ್ದು ಬರುತ್ತದೆ. ಎಣ್ಣೆ ಗ್ರಿಪ್ಪಿಗೂ ಗಟ್ಸ್‌ಗೂ ತಾಗದಿರಲಿ.

ಗ್ರಿಪ್ ದಪ್ಪ ಇದೆಯೆಂದು ಚಿಂತೆ ಬೇಡ. ಅದು ಒಳಗಿನ ಮೂರನೇ ಭಾಗ, ಲೆಕ್ಕಕ್ಕೇ ಬರುವುದಿಲ್ಲ. ಕೈಗೆ ಹಿತವಾದಷ್ಟು ದಪ್ಪ ಇರಲಿ.

ಇನ್ನು ಬ್ಯಾಟಿನ ತುದಿಗೆ ಹೋಗಿ. ಫ್ರೇಮಿನ ತಲೆಗೆ ಸುತ್ತಿದ ಗಾರ್ಡ್ ಟೇಪ್ ನೋಡಿ. 15 ಸೆಂ.ಮೀ. ಉದ್ದಕ್ಕೆ ಅದು ಫ್ರೇಮಿನ ಅಗಲವನ್ನು ಒಂದೇ ಒಂದು ಮಿ.ಮೀ. ಹೆಚ್ಚಿಸಿದರೂ, ಅದು ಇರುವುದು ಅತ್ಯಂತ ದೂರದ ಜಾಗದಲ್ಲಾದ್ದರಿಂದ, ಇಡೀ ಶಾಫ್ಟ್ ಹಿಡಿಯುವಷ್ಟೇ ಗಾಳಿ ಅದೊಂದೇ ಹಿಡಿಯುತ್ತದೆ. ಡಬಲ್ಸ್ ಆಡುವವರು ಟೇಪ್ ಪೂರ್ತಿ ತೆಗೆಯಬೇಡಿ. ಜೊತೆಗಾರನ ಬ್ಯಾಟಿಗೆ ತಾಗುವ ಜಾಗದಲ್ಲಿ ಮಾತ್ರ ತೆಳ್ಳಗಿನ ತುಂಡು ಇಡಿ, ಅಂಚು ಏಳದ ಹಾಗೆ ಒತ್ತಿ. ಎದ್ದು ನಿಂತ ಗ್ರೊಮೆಟ್ (ಫ್ರೇಮಿನ ತೂತಿನಲ್ಲಿ ಗಟ್ಸ್ ಹಾಯುವ ಪ್ಲಾಸ್ಟಿಕ್ ಕೊಳವೆ), ಗಂಟಿನ ಹೊರಗೆ ಮೀಸೆ ಬಿಟ್ಟ ಗಟ್ಸ್ ತುಂಡುಗಳನ್ನು ಕತ್ತರಿಸಿ.

ಆಮೇಲೆ ಗಟ್ಸ್. 0.70 ಮಿ.ಮೀ. ಬಿಟ್ಟು 0.66 ಹಾಕಿಸಿದರೆ ಎದುರಾಗುವ ಜಾಗ 3 ಚದರ ಸೆಂ.ಮೀ. ಚಿಲ್ಲರೆ ಇಳಿಯುತ್ತದೆ. ತಲೆಯ ಒಟ್ಟು ಜಾಗದಲ್ಲಿ ಅದು ಶೇಕಡಾ 3. ಇಡೀ ಶಾಫ್ಟನ್ನೇ ಮಾಯ ಮಾಡಿದಷ್ಟು ಲಾಭ! ತೆಳು ಗಟ್ಸ್ ಬೇಗ ಕಡಿಯುತ್ತದೆ, ಜೋರಾಗಿ ಹೊಡೆಯುವವರಿಗೆ ತಿಂಗಳ ಖರ್ಚು ಏರುತ್ತದೆ. ನನ್ನ ಅಂಗಡಿಗೆ ಒಳ್ಳೆಯದು, ನಿಮ್ಮ ಜೇಬಿಗೆ ನೀವೇ ಕೇಳಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ಉಳಿತಾಯಕ್ಕೆ ನಯಾಪೈಸೆ ಖರ್ಚಿಲ್ಲ. ಮಂಗಳೂರಿನ ಯು.ಎಸ್. ಮಲ್ಯ ಒಳಾಂಗಣ ಕ್ರೀಡಾಂಗಣದಲ್ಲಿ ಪಂದ್ಯ ಇದ್ದಾಗ ಒಮ್ಮೆ ಕೋರ್ಟಿನ ಬದಿಯಲ್ಲಿ ಕೂತು ಬರೀ ಬ್ಯಾಟು ನೋಡಿ. ಪಳಗಿದವರ ಬ್ಯಾಟು ಹಿಂದಿನಿಂದ ಮೇಲಕ್ಕೆ ಬರುವುದು ಕತ್ತಿಯ ಹಾಗೆ, ಅಂಚು ಮುಂದಾಗಿ. ಶಟಲ್‌ಗೆ ತಾಗುವ ಕೊನೆಯ ಗಳಿಗೆಯಲ್ಲಿ ಮುಂಗೈ ತಿರುಗಿ ಮುಖ ಎದುರಾಗುತ್ತದೆ. ಹೊಸಬರದ್ದು ದೋಸೆ ಮಗುಚುವ ಸಟ್ಟುಗದ ಹಿಡಿತ. ಮುಖ ಶುರುವಿನಿಂದ ಕೊನೆವರೆಗೂ ತೆರೆದೇ ಇರುತ್ತದೆ, ದಾರಿಯುದ್ದಕ್ಕೂ ನೂರು ಚದರ ಸೆಂ.ಮೀ. ಗಾಳಿ ದೂಡಿಕೊಂಡು ಬರುತ್ತದೆ. ಹಿಡಿತ ತಿದ್ದಲು ಮೂರು ತಿಂಗಳು ಬೇಕು. ಶಾಫ್ಟ್ ಉಜ್ಜಲು ಎರಡು ರಾತ್ರಿ ಸಾಕು, ಅದಕ್ಕೇ ಜನ ಶಾಫ್ಟ್ ಉಜ್ಜುತ್ತಾರೆ.

ಗಾಲ್ಫ್ ಆಡುವವರಿಗೆ

ಇಲ್ಲಿ ಶಾಫ್ಟಿಗೆ ನಿಜವಾದ ಬೆಲೆ ಇದೆ, ಆದರೆ ಸಿಗುವುದು ಕೊಳ್ಳುವಾಗ, ಕೊಂಡ ಮೇಲಲ್ಲ. ಒಂದೇ ತೂಕದ, ಒಂದೇ ಬಿಗಿಯ ಎರಡು ಶಾಫ್ಟ್ ಎದುರಿದ್ದರೆ ಕ್ಯಾಲಿಪರ್ ತೆಗೆದು ತಲೆಯಿಂದ 10, 20, 30 ಸೆಂ.ಮೀ. ಮೇಲೆ ದಪ್ಪ ಅಳೆಯಿರಿ. ಅಲ್ಲಿ 10 ಮಿ.ಮೀ. ಬದಲು 9 ಇದ್ದರೆ ಆ ಭಾಗದ ತಡೆ ಶೇಕಡಾ 10 ಕಡಿಮೆ. ಹಿಡಿಕೆಯ ಬಳಿ ಎಷ್ಟು ದಪ್ಪವಿದ್ದರೂ ಬಿಡಿ. ಅಂಗಡಿಯವ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಈಗಿರುವ ಕ್ಲಬ್ಬಿನಲ್ಲಿ ಫೆರೂಲ್ ನೋಡಿ. ಶಾಫ್ಟ್ ತಲೆಯೊಳಗೆ ಇಳಿಯುವಲ್ಲಿ ಇರುವ ಕಪ್ಪು ಪ್ಲಾಸ್ಟಿಕ್ ಬಳೆ ಅದು. ಹಳತಾದಾಗ ಮೇಲಕ್ಕೆ ಸರಿದು ಮೆಟ್ಟಿಲಿನಂತೆ ಎದ್ದು ನಿಲ್ಲುತ್ತದೆ, ಅದೂ ವೇಗ ಅತಿ ಹೆಚ್ಚಿರುವ ಜಾಗದಲ್ಲಿ. ಕೆಳಗೆ ತಳ್ಳಿ ಅಂಟಿಸಿ ತಲೆಯ ಕತ್ತಿನ ಸಮಕ್ಕೆ ತರಿಸಿ. ತೂಕಕ್ಕೆಂದು ಸೀಸದ ಟೇಪ್ ಸುತ್ತಿದ್ದರೆ ಅದನ್ನು ಶಾಫ್ಟಿನ ತುದಿಯಿಂದ ತೆಗೆದು ತಲೆಯ ತಳಕ್ಕೆ ಚಪ್ಪಟೆಯಾಗಿ ಅಂಟಿಸಿ. ಉಕ್ಕಿನ ಶಾಫ್ಟಾದರೆ ನಮ್ಮ ಕಡಲ ಗಾಳಿಗೆ ಕ್ರೋಮ್ ಕೆಳಗೆ ತುಕ್ಕು ಗುಳ್ಳೆ ಏಳುತ್ತದೆ. ಅದರಿಂದ ಗಾಳಿತಡೆ ಏರುವುದಕ್ಕಿಂತ ಶಾಫ್ಟ್ ಮುರಿಯುವ ಅಪಾಯ ದೊಡ್ಡದು. ಆಡಿ ಬಂದ ದಿನವೇ ಒಣ ಬಟ್ಟೆಯಲ್ಲಿ ಒರೆಸಿಡಿ.

ಜಾವೆಲಿನ್: ಇಲ್ಲಿ ದಿಕ್ಕೇ ಎಲ್ಲ

ಜಾವೆಲಿನ್‌ಗೆ ಮೇಲಿನ ಲೆಕ್ಕ ನಡೆಯುವುದಿಲ್ಲ. ಅದು ಅಡ್ಡಕ್ಕೆ ಹೋಗುವ ಕೋಲಲ್ಲ, ಉದ್ದಕ್ಕೆ ಹೋಗುವ ಕೋಲು. ಪುರುಷರದ್ದು 800 ಗ್ರಾಂ, 2.60ರಿಂದ 2.70 ಮೀಟರ್ ಉದ್ದ, ಅತಿ ದಪ್ಪದ ಕಡೆ 25ರಿಂದ 30 ಮಿ.ಮೀ. ಮಹಿಳೆಯರದ್ದು 600 ಗ್ರಾಂ, 2.20ರಿಂದ 2.30 ಮೀಟರ್. ಪುರುಷರ ಜಾವೆಲಿನ್ನನ್ನು ನೇರ ತುದಿಯಿಂದ ನೋಡಿದರೆ ಗಾಳಿಗೆ ಎದುರಾಗುವುದು 6 ಚದರ ಸೆಂ.ಮೀ. ಪಕ್ಕದಿಂದ ನೋಡಿದರೆ 500 ದಾಟುತ್ತದೆ. ಹಾಗಾಗಿ ಹಾರುವ ದಿಕ್ಕಿಗೂ ಮೊನೆಯ ದಿಕ್ಕಿಗೂ ಹತ್ತು ಡಿಗ್ರಿ ವ್ಯತ್ಯಾಸ ಬಂದರೆ ಪಾಲಿಶ್ ಮಾಡಿ ಉಳಿಸಿದ್ದೆಲ್ಲ ಒಂದೇ ಏಟಿಗೆ ಹೋಯಿತು.

ಮೈ ಒರಟು ಮಾಡುವ ಪ್ರಯೋಗ ಇಲ್ಲಿ ಹಿಂದೆ ನಡೆದಿದೆ, ಗೆದ್ದೂ ಇದೆ. 1984ರಲ್ಲಿ ಪೂರ್ವ ಜರ್ಮನಿಯ ಊವೆ ಹೋನ್ 104.80 ಮೀಟರ್ ಎಸೆದರು. ಮುಂದೆ ಕೆಲವು ಕಾಲ ನಮ್ಮ ನೀರಜ್ ಚೋಪ್ರಾ ಅವರಿಗೆ ತರಬೇತಿ ಕೊಟ್ಟವರೂ ಅವರೇ. ಮೈದಾನ ಸಾಲದಾಗಬಹುದು, ಮೊನೆ ನೆಲಕ್ಕೆ ನೆಡದೆ ಚಪ್ಪಟೆ ಬೀಳುತ್ತದೆ ಎಂಬ ಕಾರಣಕ್ಕೆ 1986ರಿಂದ ಪುರುಷರ ಜಾವೆಲಿನ್‌ನ ಗುರುತ್ವ ಕೇಂದ್ರವನ್ನು 4 ಸೆಂ.ಮೀ. ಮುಂದಕ್ಕೆ ತಂದರು. ಆಗ ತಯಾರಕರು ಬಾಲದ ಕಡೆ ಮೈ ಒರಟು ಮಾಡಿ ಕಳಕೊಂಡ ದೂರವನ್ನು ಮರಳಿ ಪಡೆದರು. ಅಂಥ ಜಾವೆಲಿನ್ನಿನಲ್ಲಿ 1991ರಲ್ಲಿ ಫಿನ್ಲೆಂಡಿನ ಸೆಪ್ಪೊ ರಾಟಿ 96.96 ಮೀಟರ್ ಮುಟ್ಟಿದರು. ಅದೇ ವರ್ಷ ಒರಟು ಬಾಲವನ್ನು ನಿಷೇಧಿಸಿ ಆ ದಾಖಲೆಗಳನ್ನು ಅಳಿಸಿದರು. ಈಗ ಮೈ ಪೂರ್ತಿ ನುಣುಪಾಗಿರಬೇಕು: ಗುಳಿ, ಗುಳ್ಳೆ, ಗೀರು, ಒರಟು ಯಾವುದೂ ಸಲ್ಲದು. ಇಂದಿಗೂ ನಿಂತಿರುವ ವಿಶ್ವದಾಖಲೆ, 1996ರಲ್ಲಿ ಯಾನ್ ಝೆಲೆಝ್ನಿ ಎಸೆದ 98.48 ಮೀಟರ್, ಇಂಥ ನುಣುಪು ಜಾವೆಲಿನ್ನಿನದ್ದೇ. ನೀರಜ್ 2025ರಲ್ಲಿ ದೋಹಾದಲ್ಲಿ 90.23 ಮುಟ್ಟಿದ್ದೂ ಹಾಗೆಯೇ.

ಹಾಗಾದರೆ ಅಜ್ಜರಕಾಡು ಮೈದಾನದಲ್ಲೋ ಮಂಗಳಾ ಕ್ರೀಡಾಂಗಣದಲ್ಲೋ ಎಸೆಯುವ ಹುಡುಗ ಹುಡುಗಿಯರು ಏನು ಮಾಡಬಹುದು? ಮೊದಲು ಜಾವೆಲಿನ್ ನೆಟ್ಟಗಿದೆಯೇ ನೋಡಿ. ಒಂದೇ ಎತ್ತರದ ಎರಡು ಮೇಜಿನ ಮೇಲೆ, ಹಿಡಿಯಲು ಕಟ್ಟಿದ ದಾರ ಅವುಗಳ ನಡುವಿನ ಸಂದಿಗೆ ಬರುವಂತೆ ಇಟ್ಟು ಉರುಳಿಸಿ. ಬಾಲ ಏರಿಳಿದರೆ ಬಗ್ಗಿದೆ ಎಂದರ್ಥ. ಬಗ್ಗಿದ್ದು ಹಾರುವಾಗ ಒಂದು ಬದಿಗೆ ಗಾಳಿ ಹಿಡಿಯುತ್ತದೆ. ಅದನ್ನು ಅಭ್ಯಾಸಕ್ಕೆ ಮಾತ್ರ ಇಡಿ. ಗೋಡೆಗೆ ಒರಗಿಸಿಡುವುದನ್ನು ಇವತ್ತೇ ನಿಲ್ಲಿಸಿ, ಮೂರು ಮೊಳೆಯ ಮೇಲೆ ಅಡ್ಡ ಮಲಗಿಸಿ. ಎಸೆದು ತಂದಾಗಲೆಲ್ಲ ಮೊನೆಯ ಕೆಮ್ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ಅಂಟಿದ ಮಣ್ಣು ಒಣಗಿದರೆ ಅದೇ ಮರಳು ಕಾಗದವಾಗುತ್ತದೆ. ಹಿಡಿಯುವ ದಾರ ಸಡಿಲಾಗಿದ್ದರೆ ಮತ್ತೆ ಬಿಗಿಯಾಗಿ, ಒಂದೇ ಪದರದಲ್ಲಿ ಸುತ್ತಿಸಿ.

ಉಳಿದದ್ದು ಕೈಯ ಕೆಲಸ. ಗೆಳೆಯನೊಬ್ಬ ಬದಿಯಲ್ಲಿ ಇಪ್ಪತ್ತು ಹೆಜ್ಜೆ ದೂರ ನಿಂತು ಎಸೆತದ ಕ್ಷಣವನ್ನು ಸ್ಲೋ ಮೋಷನ್‌ನಲ್ಲಿ ಹಿಡಿಯಲಿ. ಕೈ ಬಿಟ್ಟ ಮೇಲಿನ ಆರೇಳು ಚಿತ್ರಗಳಲ್ಲಿ ಜಾವೆಲಿನ್‌ನ ನಡುಭಾಗ ಯಾವ ದಾರಿಯಲ್ಲಿ ಹೋಗುತ್ತಿದೆ, ಮೊನೆ ಯಾವ ಕಡೆ ನೋಡುತ್ತಿದೆ ಎಂದು ಪರದೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಎರಡೂ ಗೆರೆ ಹೆಚ್ಚುಕಡಿಮೆ ಒಂದಾಗುವವರೆಗೆ ಅಭ್ಯಾಸ. ನಮ್ಮಲ್ಲಿ ಮಧ್ಯಾಹ್ನದ ಮೇಲೆ ಪಡುವಣ ಕಡಲಗಾಳಿ ಏಳುತ್ತದೆ. ಅದಕ್ಕೆ ಎದುರಾಗಿ ಎಸೆಯುವಾಗ ಮೊನೆಯನ್ನು ಎಂದಿಗಿಂತ ತುಸು ತಗ್ಗಿಸಿ, ಇಲ್ಲದಿದ್ದರೆ ಜಾವೆಲಿನ್ ಗಾಳಿಪಟದ ಹಾಗೆ ತಲೆಯೆತ್ತಿ ಅಲ್ಲೇ ಸೋಲುತ್ತದೆ.

ಕೊನೆಯ ಹೆಜ್ಜೆ: ಬದಲಾವಣೆ ನಿಜವೋ ಭ್ರಮೆಯೋ ಪರೀಕ್ಷಿಸಿ

ನಿಮ್ಮ ಬೀಸಿನ ವೇಗ ತಿಳಿಯಲು ಅದೇ ಅಲ್ಯೂಮಿನಿಯಂ ಸರಳು ಸಾಕು. ಕೋಲು ಗಾಳಿ ಸೀಳುವಾಗ ಬರುವ ಸುಂಯ್ ಶಬ್ದ ಹಿಂದಿನ ಸುಳಿಗಳದ್ದು. ಅದರ ಶ್ರುತಿಗೂ ವೇಗಕ್ಕೂ ನೇರ ಸಂಬಂಧ ಉಂಟು. ಮೊಬೈಲಿನಲ್ಲಿ ಶಬ್ದದ ಕಂಪನಾಂಕ ತೋರಿಸುವ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಳ್ಳಿ. ಫ್ಯಾನ್ ಆಫ್ ಮಾಡಿ, ಮೊಬೈಲನ್ನು ಬೀಸಿನ ದಾರಿಗೆ ಹತ್ತಿರ, ತಾಗದಷ್ಟು ದೂರದಲ್ಲಿಟ್ಟು ಬೀಸಿ. ಸರಳಿನ ಬುಡ ನಿಧಾನ, ತುದಿ ಜೋರು, ಆದ್ದರಿಂದ ಶಬ್ದ ಹರಡಿಕೊಂಡಿರುತ್ತದೆ. ಅದರ ಮೇಲಿನ ಅಂಚಿನ ಸಂಖ್ಯೆ ಹಿಡಿಯಿರಿ. ಆ ಸಂಖ್ಯೆಯನ್ನು ಸರಳಿನ ದಪ್ಪದಿಂದ (ಮೀಟರಿನಲ್ಲಿ, ಅಂದರೆ 0.008) ಗುಣಿಸಿ, ಮತ್ತೆ ಐದರಿಂದ ಗುಣಿಸಿ. 1,000 ಹರ್ಟ್ಜ್ ಬಂದರೆ ತುದಿಯ ವೇಗ ಸೆಕೆಂಡಿಗೆ 40 ಮೀಟರ್, ಗಂಟೆಗೆ 144 ಕಿ.ಮೀ. ಗಟ್ಸ್ ಇರುವ ಬ್ಯಾಟಿನಲ್ಲಿ ಈ ಉಪಾಯ ನಡೆಯುವುದಿಲ್ಲ. ನಲವತ್ತರಷ್ಟು ತಂತಿ ಒಟ್ಟಿಗೆ ಹಾಡುತ್ತವೆ.

ಬ್ಯಾಟಿನಲ್ಲಿ ಮಾಡಿದ ಬದಲಾವಣೆಗೆ ಕುರುಡು ಪರೀಕ್ಷೆಯೇ ಸರಿ. ಒಂದೇ ಮಾದರಿಯ ಎರಡು ಬ್ಯಾಟು, ಒಂದೇ ಗ್ರಿಪ್, ಒಂದರಲ್ಲಿ ಮಾತ್ರ ತೆಳು ಗಟ್ಸ್ ಮತ್ತು ಟೇಪ್ ಇಲ್ಲ. ಗೆಳೆಯ ನಾಣ್ಯ ಚಿಮ್ಮಿ ಯಾವುದೋ ಒಂದನ್ನು ಹಿಂದಿನಿಂದ ನಿಮ್ಮ ಕೈಗಿಡಲಿ. ನೋಡದೆ ಬೀಸಿ, ಯಾವುದೆಂದು ಹೇಳಿ, ಅವನು ಬರೆದುಕೊಳ್ಳಲಿ. ಇಪ್ಪತ್ತು ಸಲ. ಸ್ಲೋ ಮೋಷನ್ ವಿಡಿಯೊವನ್ನು ಇದಕ್ಕೆ ನಂಬಬೇಡಿ. ಸೆಕೆಂಡಿಗೆ 240 ಚಿತ್ರ ತೆಗೆದರೂ ಜೋರು ಬೀಸಿನಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಬ್ಯಾಟು ಒಂದು ಗೇಣಿನ ಹತ್ತಿರ ಸರಿದಿರುತ್ತದೆ. ಶೇಕಡಾ ಎರಡು ಮೂರರ ವ್ಯತ್ಯಾಸ ಅದರಲ್ಲಿ ಕಾಣದು.

ಗುಳಿ ಕೊರೆದ ಹುಡುಗನಿಗೂ ಈ ಪರೀಕ್ಷೆ ಮಾಡಿಸಿದೆ, ಬೇರೆ ಎರಡು ಬ್ಯಾಟು ಕೊಟ್ಟು. ಇಪ್ಪತ್ತರಲ್ಲಿ ಹನ್ನೊಂದು ಸರಿ ಹೇಳಿದ. ನೋಟ್‌ಬುಕ್ ನೋಡಿ "ನಾಣ್ಯವೂ ಇಷ್ಟೇ ಹೇಳ್ತದಲ್ಲ ಸರ್" ಎಂದ. ಆಮೇಲೆ ಸರಳು ತೆಗೆದು ಅಂಗಳಕ್ಕಿಳಿದು, ಮೊದಲು ಸಟ್ಟುಗದ ಹಾಗೆ, ಆಮೇಲೆ ಕತ್ತಿಯ ಹಾಗೆ ಹಿಡಿದು ಮುಂಗೈ ತಿರುಗಿಸುತ್ತ ಬೀಸತೊಡಗಿದ. ನಾನು ಮುಂದಿನ ಬ್ಯಾಟಿನ ಗಟ್ಸ್ ಎಳೆಯಲು ಕೂತೆ.